ನಿಮಗಿದು ಗೊತ್ತೇ? ಮಕ್ಕಳ ನಿದ್ದೆಯ ಲೆಕ್ಕ

ಬೆಳಗ್ಗೆ ಏಳು ಗಂಟೆಗೆ ಬನಶಂಕರಿ ಎರಡನೇ ಹಂತದಲ್ಲೋ ಕತ್ರಿಗುಪ್ಪೆಯಲ್ಲೋ ನಿಂತ ಶಾಲಾ ವ್ಯಾನಿನೊಳಗೆ ಒಮ್ಮೆ ಕಣ್ಣಾಡಿಸಿ. ಕಿಟಕಿಗೆ ತಲೆ ಆನಿಸಿ, ಟೈ ಓರೆಯಾಗಿ, ಅರೆಬಾಯಿ ತೆರೆದು ನಿದ್ದೆ ಹೋದ ಮಗು ಒಂದಾದರೂ ಕಾಣುತ್ತದೆ. "ರಾತ್ರಿ ಬೇಗ ಮಲ್ಕೊ ಅಂದ್ರೆ ಕೇಳಲ್ಲ" ಎನ್ನುತ್ತಾರೆ ಅಮ್ಮ. "ಈಗಿನ ಮಕ್ಕಳು ಬಲು ಸೋಮಾರಿಗಳು" ಎನ್ನುತ್ತಾರೆ ತಾತ. ಆದರೆ ಮಕ್ಕಳ ನಿದ್ದೆ ಸೋಮಾರಿತನವಲ್ಲ. ಬೆಳೆಯುವ ದೇಹ ಪ್ರತಿ ರಾತ್ರಿ ಮುಗಿಸಲೇಬೇಕಾದ ಕೆಲಸ ಅದು. ಅದಕ್ಕೆ ಬೇಕಾದ ಗಂಟೆಗಳನ್ನು ಹೊಂದಿಸಿಕೊಡಬೇಕಾದವರು ದೊಡ್ಡವರಾದ ನಾವು. ಈ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಎಷ್ಟು ನಿದ್ದೆ ಬೇಕು?

• ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಮಕ್ಕಳ ನಿದ್ದೆಗೆ ಒಂದು ಅಳತೆ ಕೊಟ್ಟಿತು. 4ರಿಂದ 12 ತಿಂಗಳ ಕೂಸಿಗೆ ದಿನಕ್ಕೆ 12–16 ಗಂಟೆ, 1–2 ವರ್ಷದವರಿಗೆ 11–14, 3–5 ವರ್ಷದವರಿಗೆ 10–13, 6–12 ವರ್ಷದವರಿಗೆ 9–12, 13–18 ವರ್ಷದವರಿಗೆ 8–10 ಗಂಟೆ. ಐದು ವರ್ಷದೊಳಗಿನವರ ಲೆಕ್ಕದಲ್ಲಿ ಹಗಲ ನಿದ್ದೆಯೂ ಸೇರಿದೆ. ಕಾಲೇಜು ಮೆಟ್ಟಿಲು ಹತ್ತಿದ ಹುಡುಗನಿಗೂ ಎಂಟು ಗಂಟೆಗಿಂತ ಕಡಿಮೆಯಾದರೆ ಸಾಲದು.

• ಇದನ್ನು ನಮ್ಮ ಮನೆಗೆ ಹೊಂದಿಸಿ ನೋಡಿ. ವ್ಯಾನ್ ಬರುವುದು 7.15ಕ್ಕೆ. ಸ್ನಾನ, ತಿಂಡಿ, ಬೂಟು ಎಂದರೆ 6.15ಕ್ಕೆ ಏಳಲೇಬೇಕು. ನಾಲ್ಕನೇ ತರಗತಿಯ ಮಗುವಿಗೆ ಕನಿಷ್ಠ 9 ಗಂಟೆ ಸಿಗಬೇಕಾದರೆ 9.15ಕ್ಕೆ ನಿದ್ದೆ ಹತ್ತಿರಬೇಕು, ಅಂದರೆ ಒಂಬತ್ತಕ್ಕೇ ಹಾಸಿಗೆ ಸೇರಬೇಕು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅಪ್ಪ ಮನೆ ಮುಟ್ಟುವುದೇ ಎಂಟೂವರೆಗಾದರೆ, ಮಗುವಿನ ಊಟ ಅವರಿಗಾಗಿ ಕಾಯಬಾರದು. ಅಪ್ಪ ಬಂದ ಮೇಲೆ ಒಂದು ಕಥೆ ಹೇಳಿ ಮಲಗಿಸಲಿ.

• ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ಮಕ್ಕಳಿಗೆ ಈ ಗಾಢ ನಿದ್ದೆ ಬರುವುದು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ.

• ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ಕುಣಿಯುತ್ತಾರೆ, ಹಠ ಮಾಡುತ್ತಾರೆ, ಒಂದು ಕಡೆ ಕೂರುವುದಿಲ್ಲ. ತರಗತಿಯಲ್ಲಿ "ಗಮನ ಕೊಡಲ್ಲ" ಎಂಬ ದೂರು ಬಂದಾಗ ವೈದ್ಯರು ಮಗುವಿನ ನಿದ್ದೆಯ ಬಗ್ಗೆಯೂ ಕೇಳುವುದು ಇದಕ್ಕೇ.

• ಕನಸು ಬೀಳುವ ನಿದ್ದೆಯಲ್ಲಿ ಕಣ್ಣಗುಡ್ಡೆಗಳು ಸರಸರನೆ ಓಡಾಡುವುದನ್ನು ಜಗತ್ತಿಗೆ ತಿಳಿಸಿದ್ದು 1953ರ ಒಂದು ಸಂಶೋಧನಾ ಪ್ರಬಂಧ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಯೂಜೀನ್ ಅಸೆರಿನ್ಸ್ಕಿ ತನ್ನ ಎಂಟು ವರ್ಷದ ಮಗ ಆರ್ಮಂಡ್‌ನ ತಲೆಗೇ ವೈರು ಅಂಟಿಸಿ ರಾತ್ರಿಗಳನ್ನು ದಾಖಲಿಸಿದ್ದರು. ಇಂದಿನ ನಿದ್ರಾ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಶಾಲಾ ಬಾಲಕನೂ ಇದ್ದಾನೆ.

ತೊಟ್ಟಿಲ ಕಾಲ

• ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಗಡಿಯಾರ ಇರುವುದಿಲ್ಲ. ಅದು ಕೂಡಿಬರಲು ಎರಡು ಮೂರು ತಿಂಗಳು ಬೇಕು. ಹಗಲಲ್ಲಿ ಬೆಳಕು, ಮಾತುಕತೆ. ರಾತ್ರಿ ಹಾಲೂಡುವಾಗ ಮಂದ ದೀಪ, ಮೆಲುದನಿ. ಇಷ್ಟು ಮಾಡಿದರೆ ಗಡಿಯಾರ ಬೇಗ ಹೊಂದಿಕೊಳ್ಳುತ್ತದೆ. ರಾತ್ರಿಯ ಎದೆಹಾಲಿನಲ್ಲಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ಹಗಲಿನ ಹಾಲಿಗಿಂತ ಹೆಚ್ಚಿರುತ್ತದೆ.

• ಎಣ್ಣೆ ತೀಡಿ ನೀರೆರೆದ ಮೇಲೆ ಕೂಸು ಗಂಟೆಗಟ್ಟಲೆ ಮಲಗುವುದನ್ನು ನಮ್ಮ ಅಜ್ಜಿಯರು ಕಂಡಿದ್ದರು. 2000ದಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನವೂ ಎಣ್ಣೆ ಮಾಲೀಷಿನ ನಂತರ ಶಿಶುಗಳ ನಿದ್ದೆ ಸುಧಾರಿಸುವುದನ್ನು ದಾಖಲಿಸಿತು. ಆದರೆ ಎರಡು ರೂಢಿಗಳನ್ನು ಬಿಡಲೇಬೇಕು. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸನಾಳವನ್ನು ಕೆರಳಿಸುತ್ತದೆ.

• ಒಂದು ವರ್ಷದೊಳಗಿನ ಕೂಸನ್ನು ಅಂಗಾತವೇ ಮಲಗಿಸಬೇಕು. ಬೋರಲು ಬೇಡ, ಮುಖದ ಹತ್ತಿರ ಮೆತ್ತನೆಯ ದಿಂಬು, ಕೌದಿ ಬೇಡ. ಅಮೆರಿಕದಲ್ಲಿ 1994ರಲ್ಲಿ ಈ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವುದು ಸುಮಾರು ಅರ್ಧಕ್ಕೆ ಇಳಿಯಿತು.

• "ಒಂದು ಚಮಚ ಕೆಮ್ಮಿನ ಸಿರಪ್ ಹಾಕಿದರೆ ಚೆನ್ನಾಗಿ ನಿದ್ದೆ ಮಾಡುತ್ತೆ" ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲೇ ಮುದ್ರಿಸಬೇಕೆಂದು ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ನಿದ್ದೆ ಬರಿಸಲು ಸಿರಪ್ ಕೊಡುವುದು ಯಾವ ವಯಸ್ಸಿನಲ್ಲೂ ಸರಿಯಲ್ಲ.

ನಡುರಾತ್ರಿಯ ಗಾಬರಿ

• ಮಲಗಿ ಒಂದೆರಡು ಗಂಟೆಯಾಗಿದೆ. ಮಗು ಇದ್ದಕ್ಕಿದ್ದಂತೆ ಎದ್ದು ಕೂತು ಕಿರುಚುತ್ತದೆ, ಕಣ್ಣು ತೆರೆದಿದ್ದರೂ ಅಮ್ಮನ ಗುರುತು ಹಿಡಿಯುವುದಿಲ್ಲ, ಬೆವರುತ್ತದೆ. ಕೆಲವೇ ನಿಮಿಷಗಳಲ್ಲಿ ಮತ್ತೆ ಮಲಗಿಬಿಡುತ್ತದೆ, ಬೆಳಗ್ಗೆ ಏನೂ ನೆನಪಿರುವುದಿಲ್ಲ. ಮನೆಯವರು ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಇದು ಗಾಢ ನಿದ್ದೆಯಿಂದ ಮಿದುಳು ಅರ್ಧಂಬರ್ಧ ಎಚ್ಚೆತ್ತಾಗ ಆಗುವ ನಿದ್ರಾಭೀತಿ. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ಪಕ್ಕದಲ್ಲಿರಿ. ನಿದ್ದೆ ಕಡಿಮೆಯಾದ ದಿನಗಳಲ್ಲಿ ಮತ್ತು ಜ್ವರ ಬಂದಾಗ ಇದು ಹೆಚ್ಚು. ಬೆಳೆದಂತೆ ಹೆಚ್ಚಿನ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ.

• ಕೆಟ್ಟ ಕನಸು ಬೇರೆ. ಅದು ಬೀಳುವುದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ. ಮಗುವಿಗೆ ಪೂರ್ತಿ ಎಚ್ಚರವಾಗುತ್ತದೆ, ಕನಸು ನೆನಪಿರುತ್ತದೆ, ತಬ್ಬಿ ಸಮಾಧಾನ ಮಾಡಿದರೆ ನಿಜಕ್ಕೂ ಸಮಾಧಾನವಾಗುತ್ತದೆ.

• ನಿದ್ದೆಯಲ್ಲಿ ನಡೆಯುವುದು ಮನೆತನದಲ್ಲಿ ಹರಿದು ಬರುವುದುಂಟು. ಅಪಾರ್ಟ್‌ಮೆಂಟಿನಲ್ಲಿ ಇರುವವರು ರಾತ್ರಿ ಬಾಲ್ಕನಿ ಬಾಗಿಲ ಚಿಲಕವನ್ನು ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ ಹಾಕಿಸುವುದು ಮೊದಲ ಕೆಲಸ.

• ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಇದೆ ಎಂದು ಹಿರಿಯರು ಹೇಳುತ್ತಾರೆ. ಹಲ್ಲು ಕಡಿಯುವುದು ಮಕ್ಕಳಲ್ಲಿ ಬಹಳ ಸಾಮಾನ್ಯ, ಹುಳ ಇಲ್ಲದ ಮಕ್ಕಳೂ ಕಡಿಯುತ್ತಾರೆ. ಹುಳದ ಮಾತ್ರೆಯನ್ನು ಸರ್ಕಾರದ ವೇಳಾಪಟ್ಟಿಯಂತೆ ಕೊಡಿ. ಹಲ್ಲು ಸವೆದಿದ್ದರೆ, ದವಡೆ ನೋಯುತ್ತಿದ್ದರೆ ದಂತವೈದ್ಯರಿಗೆ ತೋರಿಸಿ.

• ಐದು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಾರೆ. ಚಿಕಿತ್ಸೆ ಇಲ್ಲದೆಯೂ ಇವರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ 15ರಂತೆ ಮಕ್ಕಳು ಸರಿಹೋಗುತ್ತಾರೆ. ಅದು ಮಗು ಬೇಕೆಂದೇ ಮಾಡುವುದಲ್ಲ. ಬೈದರೆ, ನೆಂಟರ ಮುಂದೆ ನಾಚಿಕೆಪಡಿಸಿದರೆ ಗುಣವಾಗದು, ಮನಸ್ಸು ಮುದುಡುತ್ತದೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಏಳು ವರ್ಷದ ನಂತರವೂ ಮುಂದುವರಿದರೆ, ಅಥವಾ ಆರು ತಿಂಗಳು ನಿಂತು ಮತ್ತೆ ಶುರುವಾದರೆ ಮಕ್ಕಳ ವೈದ್ಯರನ್ನು ಕಾಣಿ.

• "ಕಾಲಲ್ಲಿ ಏನೋ ಹರಿದಾಡ್ತಿದೆ" ಎಂದು ಮಲಗುವ ಹೊತ್ತಿಗೆ ಕಾಲು ಒದರುವ, ಒತ್ತಿಸಿಕೊಳ್ಳುವ ಮಗುವಿಗೆ ಕಬ್ಬಿಣಾಂಶದ ಕೊರತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. "ಬೆಳೆಯೋ ನೋವು" ಎಂದು ತಳ್ಳಿಹಾಕುವ ಮುನ್ನ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

• ಎಚ್ಚರವಾಗಿದೆ, ಆದರೆ ಕೈಕಾಲು ಅಲ್ಲಾಡದು, ಎದೆ ಮೇಲೆ ಯಾರೋ ಕೂತಂತೆ ಭಾರ. ಹದಿಹರೆಯದಲ್ಲಿ ಕೆಲವರಿಗೆ ಮೊದಲ ಬಾರಿ ಆಗುವ ಈ ಅನುಭವ ದೆವ್ವದ ಕಾಟವಲ್ಲ. ಕನಸಿನ ನಿದ್ದೆಯಲ್ಲಿ ದೇಹ ತನ್ನ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಆ ಸ್ಥಿತಿ ಮುಗಿಯುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಕೆಲವು ಕ್ಷಣ ಅಥವಾ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ ಇದು ಹೆಚ್ಚು.

ಗೊರಕೆ ಗಾಢ ನಿದ್ದೆಯ ಗುರುತಲ್ಲ

• "ಪಾಪ, ಸುಸ್ತಾಗಿದೆ, ಗೊರಕೆ ಹೊಡೀತಾ ಮಲಗಿದೆ" ಎಂದು ನಾವು ಮುದ್ದು ಮಾಡುತ್ತೇವೆ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ವಾರದಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿ, ನೆಗಡಿಯಿಲ್ಲದೆಯೂ ಗೊರಕೆ ಹೊಡೆಯುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

• ಅಂಥ ಮಗುವಿನ ಪಕ್ಕ ರಾತ್ರಿ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಬಾಯಿ ತೆರೆದಿರುತ್ತದೆ. ಕತ್ತು ಹಿಂದಕ್ಕೆ ಬಾಗಿರುತ್ತದೆ. ಗೊರಕೆ ಜೋರಾಗಿ, ಇದ್ದಕ್ಕಿದ್ದಂತೆ ನಿಂತು, ಎದೆ ಏರಿಳಿದರೂ ಉಸಿರಿನ ಸದ್ದು ಇಲ್ಲದೆ ಕೆಲವು ಸೆಕೆಂಡು ಕಳೆದು, ಆಮೇಲೆ ಒಂದು ಗೊರ್ ಎಂಬ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಮಗು ಮಗ್ಗುಲು ಬದಲಿಸುತ್ತದೆ. ಮತ್ತೆ ಅದೇ ಸುತ್ತು. ಇದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

• ಇದಕ್ಕೆ ನಿದ್ರಾ ಉಸಿರುಗಟ್ಟುವಿಕೆ ಎನ್ನುತ್ತಾರೆ, ವೈದ್ಯರ ಬಾಯಲ್ಲಿ ಸ್ಲೀಪ್ ಆಪ್ನಿಯಾ. ನೂರರಲ್ಲಿ 1ರಿಂದ 5 ಮಕ್ಕಳಿಗೆ ಇದು ಇರುತ್ತದೆ, ಎರಡರಿಂದ ಎಂಟು ವರ್ಷದ ನಡುವೆ ಹೆಚ್ಚು. ಮುಖ್ಯ ಕಾರಣ ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್. ಬೊಜ್ಜು, ಅಲರ್ಜಿ ಸೇರಿದರೆ ಇನ್ನೂ ಹೆಚ್ಚು. ಹಗಲಲ್ಲಿ ಇದು ತೋರುವುದು ಸಿಡುಕಾಗಿ, ಓದಿನಲ್ಲಿ ಹಿಂದೆ ಬಿದ್ದಂತೆ, ಬೆಳಗಿನ ತಲೆನೋವಾಗಿ. ಬೇಕಾದಾಗ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದರೆ ಬಹುಪಾಲು ಮಕ್ಕಳ ನಿದ್ದೆಯೂ ನಡವಳಿಕೆಯೂ ಸುಧಾರಿಸುತ್ತವೆ.

ಹದಿಹರೆಯದ ಗಡಿಯಾರ

• ಹತ್ತನೇ ತರಗತಿಯ ಹುಡುಗಿಗೆ ರಾತ್ರಿ ಒಂಬತ್ತೂವರೆಗೆ ನಿದ್ದೆ ಬಾರದಿದ್ದರೆ ಅದು ಬರೀ ಮೊಬೈಲಿನ ತಪ್ಪಲ್ಲ. ಮೈನೆರೆಯುವ ವಯಸ್ಸಿನಲ್ಲಿ ಮೆಲಟೋನಿನ್ ಒಸರುವ ಹೊತ್ತೇ ಮುಂದಕ್ಕೆ ಹೋಗುತ್ತದೆ, ಕೆಲವರಲ್ಲಿ ಎರಡು ಗಂಟೆಯವರೆಗೆ. ಅಮೆರಿಕದ ಸಂಶೋಧಕಿ ಮೇರಿ ಕಾರ್ಸ್ಕಡನ್ ಹದಿಹರೆಯದವರ ಮೇಲೆ ದಶಕಗಳ ಕಾಲ ನಡೆಸಿದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟವು. ತಡವಾಗಿ ನಿದ್ದೆ ಹತ್ತುವ ಅದೇ ಹುಡುಗಿಯನ್ನು ಐದಕ್ಕೆ ಎಬ್ಬಿಸಿದರೆ ಅವಳಿಗೆ ಸಿಗುವುದು ಆರು ಗಂಟೆ ನಿದ್ದೆ ಮಾತ್ರ.

• ಜೀವಿಗಳೊಳಗೆ ಗಡಿಯಾರವಿದೆ ಎಂಬ ಮೊದಲ ಸುಳಿವು ಕೊಟ್ಟದ್ದು ನಮ್ಮ ಹಿತ್ತಲಲ್ಲೂ ಬೆಳೆಯುವ ಮುಟ್ಟಿದರೆ ಮುನಿಯ ಜಾತಿಯ ಗಿಡ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಅದನ್ನು ಕತ್ತಲಲ್ಲಿಟ್ಟರೂ ಎಲೆಗಳು ಹಗಲಿಗೆ ಅರಳಿ ಇರುಳಿಗೆ ಮುದುಡುತ್ತಲೇ ಇದ್ದುದು ವರದಿಯಾಯಿತು. ಆ ಗಡಿಯಾರದ ಜೀನುಗಳನ್ನು ಹಣ್ಣುನೊಣದಲ್ಲಿ ಕಂಡುಹಿಡಿದ ಮೂವರಿಗೆ 2017ರ ನೊಬೆಲ್ ಸಂದಿತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಹಣ್ಣುನೊಣಗಳ ಮೇಲೆ ಇದೇ ಗಡಿಯಾರದ ಅಧ್ಯಯನ ನಡೆದು ಬಂದಿದೆ.

• ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತು: ಹದಿಹರೆಯದವರ ಶಾಲೆ 8.30ಕ್ಕೆ ಮೊದಲು ಶುರುವಾಗಬಾರದು. ಸಾವಿರಾರು ಕನ್ನಡ ಕುಟುಂಬಗಳಿರುವ ಕ್ಯಾಲಿಫೋರ್ನಿಯಾದಲ್ಲಿ ಇದು 2022ರ ಜುಲೈಯಿಂದ ಕಾನೂನೇ ಆಗಿದೆ. ಅಲ್ಲಿ ಹೈಸ್ಕೂಲು 8.30ಕ್ಕೆ ಮೊದಲು, ಮಿಡ್ಲ್ ಸ್ಕೂಲು 8ಕ್ಕೆ ಮೊದಲು ಶುರುವಾಗುವಂತಿಲ್ಲ. ಕೆಲವು ಗ್ರಾಮೀಣ ಶಾಲೆಗಳಿಗೆ ಮಾತ್ರ ವಿನಾಯಿತಿ.

• ಅಷ್ಟು ದೂರ ಹೋಗಬೇಕಿಲ್ಲ. ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಮಕ್ಕಳ ಶಾಲೆ ಬೆಳಗ್ಗೆ 9ಕ್ಕೆ ಮೊದಲು ಶುರುವಾಗಬಾರದೆಂದು ಆದೇಶಿಸಿತು. ಕಾರಣ ಸ್ಪಷ್ಟವಾಗಿತ್ತು: ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ. ಅಕ್ಕಲಕೋಟೆ, ಜತ್ತದ ಕನ್ನಡ ಮಕ್ಕಳೂ ಇದರ ವ್ಯಾಪ್ತಿಯಲ್ಲಿದ್ದಾರೆ. ಬೆಂಗಳೂರಿನಲ್ಲಿ 2023ರಲ್ಲಿ ಶಾಲಾ ಸಮಯ ಬದಲಿಸುವ ಚರ್ಚೆ ಎದ್ದದ್ದು ಮಾತ್ರ ಟ್ರಾಫಿಕ್ ತಗ್ಗಿಸುವ ಸಲುವಾಗಿ. ನಮ್ಮಲ್ಲಿ ಆ ಚರ್ಚೆ ಮಕ್ಕಳ ನಿದ್ದೆಯಿಂದ ಶುರುವಾಗಬೇಕು.

• ವಾರವಿಡೀ ಆರು ಗಂಟೆ ಮಲಗಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಏಳುವ ಹುಡುಗನ ದೇಹ ಪ್ರತಿ ವಾರ ವಿಮಾನದಲ್ಲಿ ಪರದೇಶಕ್ಕೆ ಹೋಗಿ ಬಂದಷ್ಟು ತಬ್ಬಿಬ್ಬಾಗುತ್ತದೆ. ರಜೆಯಲ್ಲಿ ಒಂದೆರಡು ಗಂಟೆ ಹೆಚ್ಚು ಮಲಗಲು ಬಿಡಿ, ಅದಕ್ಕಿಂತ ಹೆಚ್ಚಾದರೆ ಸೋಮವಾರದ ಬೆಳಗು ಇನ್ನಷ್ಟು ಕಷ್ಟ.

• ರಾತ್ರಿ ಸಾಕಷ್ಟು ಮಲಗಿಯೂ ಹಗಲು ಮಾತಿನ ನಡುವೆಯೇ ನಿದ್ದೆಗೆ ಜಾರುವ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವ ಹದಿಹರೆಯದವರಿಗೆ ನಾರ್ಕೊಲೆಪ್ಸಿ ಎಂಬ ನರಸಂಬಂಧಿ ತೊಂದರೆ ಇರಬಹುದು. ಇದು ಅಪರೂಪ, ಆದರೆ ಎಷ್ಟೋ ವರ್ಷ ಸೋಮಾರಿತನ ಎಂಬ ಹಣೆಪಟ್ಟಿ ಹೊತ್ತು ಉಳಿದುಬಿಡುತ್ತದೆ. ಔಷಧಿಯಿಂದ ಹತೋಟಿಯಲ್ಲಿಡಬಹುದು.

ಪರೀಕ್ಷೆ ಮತ್ತು ನಿದ್ದೆ

• ಓದಿದ್ದು ತಲೆಯಲ್ಲಿ ನಿಲ್ಲುವ ಕೆಲಸ ನಿದ್ದೆಯಲ್ಲೇ ಮುಂದುವರಿಯುತ್ತದೆ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು, ಕಲಿತ ಮೇಲೆ ಮಲಗಿದವರಿಗೆ ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುವುದನ್ನು ಪ್ರಯೋಗ ಮಾಡಿ ತೋರಿಸಿದರು. ಎರಡು ಗಂಟೆ ನಿದ್ದೆಗೆಟ್ಟು ಓದಿದ ಪಾಠ ಪರೀಕ್ಷಾ ಹಾಲಿನಲ್ಲಿ ಕೈಕೊಡುವುದು ಇದಕ್ಕೇ.

• ಸ್ಯಾನ್ ಡಿಯೆಗೋದ 17 ವರ್ಷದ ರ‍್ಯಾಂಡಿ ಗಾರ್ಡ್‌ನರ್ ಶಾಲಾ ವಿಜ್ಞಾನ ಪ್ರದರ್ಶನಕ್ಕಾಗಿ 1963ರ ಡಿಸೆಂಬರಿನಿಂದ 1964ರ ಜನವರಿವರೆಗೆ 264 ಗಂಟೆ ನಿದ್ದೆ ಮಾಡದೆ ಇದ್ದ. ಆ ದಿನಗಳಲ್ಲಿ ಅವನಿಗೆ ಸಿಡುಕು, ಮರೆವು, ಇಲ್ಲದ್ದು ಕಂಡಂತಾಗುವ ಭ್ರಮೆ ಶುರುವಾದವು. ಇಂಥ ಸಾಹಸ ಅಪಾಯಕಾರಿ ಎಂದು ಗಿನ್ನೆಸ್ ಸಂಸ್ಥೆ ಈಗ ಈ ದಾಖಲೆಯನ್ನೇ ಪರಿಗಣಿಸುವುದಿಲ್ಲ.

• 2025ರಲ್ಲಿ ವಿಶ್ವ ನಿದ್ರಾ ದಿನ ಬಂದದ್ದು ಮಾರ್ಚ್ 14ಕ್ಕೆ. ಕರ್ನಾಟಕದಲ್ಲಿ ಆಗ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುತ್ತಿತ್ತು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದು ವಾರ ಬಾಕಿ ಇತ್ತು. ಮಕ್ಕಳು ಅತಿ ಹೆಚ್ಚು ನಿದ್ದೆಗೆಡುವ ತಿಂಗಳು ಇದೇ. 2024ರಿಂದ ಈ ಎರಡೂ ತರಗತಿಗಳಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಒಂದು ರಾತ್ರಿಯ ಮೇಲೆ ಬದುಕೇ ನಿಂತಿಲ್ಲ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು.

• ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಎಂಬುದು ನಮ್ಮ ಗಟ್ಟಿ ನಂಬಿಕೆ. ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದವರಿಗೆ ಅದು ನಿಜ. ಹನ್ನೆರಡಕ್ಕೆ ಮಲಗಿದವರನ್ನು ನಾಲ್ಕಕ್ಕೆ ಎಬ್ಬಿಸಿದರೆ ಹತ್ತುವುದು ತೂಕಡಿಕೆ ಮಾತ್ರ.

ಬೆಳಕು, ಕಾಫಿ, ಸದ್ದು

• ಮಗುವಿನ ಕಣ್ಣಪಾಪೆ ದೊಡ್ಡದು, ಮಸೂರ ತಿಳಿ. ಹಾಗಾಗಿ ರಾತ್ರಿಯ ಬೆಳಕು ನಮಗಿಂತ ಮಕ್ಕಳನ್ನು ಹೆಚ್ಚು ಬಾಧಿಸುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ 2018ರ ಒಂದು ಸಣ್ಣ ಅಧ್ಯಯನದಲ್ಲಿ, ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿದ್ದ 3–5 ವರ್ಷದ ಮಕ್ಕಳ ಮೆಲಟೋನಿನ್ ಶೇ 88ರಷ್ಟು ಕುಗ್ಗಿತ್ತು. ಊಟವಾದ ಮೇಲೆ ಹಾಲಿನ ಟ್ಯೂಬ್‌ಲೈಟ್ ಆರಿಸಿ, ಒಂದು ಸಣ್ಣ ದೀಪ ಸಾಕು.

• ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿವಿ ಬೇಡ. 2–4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ದೊಡ್ಡ ಮಕ್ಕಳಿಗೆ ಒಂದು ನಿಯಮ: ರಾತ್ರಿ ಎಲ್ಲರ ಫೋನೂ ಅಡುಗೆಮನೆಯಲ್ಲೇ ಚಾರ್ಜ್ ಆಗಲಿ, ಅಪ್ಪ ಅಮ್ಮನದೂ ಸೇರಿ.

• ಮೊಬೈಲ್, ಗೇಮಿನಂಥ ತಂತ್ರಜ್ಞಾನದ ಅತಿಬಳಕೆಗೆ ಸಿಕ್ಕವರಿಗಾಗಿ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿತು. ಅದು ಶುರುವಾದದ್ದು ನಮ್ಮ ನೆರೆಯ ಬಿಟಿಎಂ ಲೇಔಟಿನ ನಿಮ್ಹಾನ್ಸ್ ಕ್ಷೇಮಕೇಂದ್ರದಲ್ಲಿ.

• ಸಂಜೆ ಟ್ಯೂಷನ್‌ಗೆ ಮುಂಚೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಎನರ್ಜಿ ಡ್ರಿಂಕಿನ ಡಬ್ಬಿ ತಿರುಗಿಸಿ ಓದಿ: ಮಕ್ಕಳಿಗೆ ಸೂಕ್ತವಲ್ಲ ಎಂದು ಅದರ ಮೇಲೇ ಮುದ್ರಿಸಬೇಕೆಂಬುದು ಭಾರತದ ಆಹಾರ ಸುರಕ್ಷತಾ ನಿಯಮ.

• ಚಿಂತೆಯಿಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಆದರೆ ಮಲಗಿದ ಮಗುವಿನ ಕಿವಿ ಮುಚ್ಚಿರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಆ ಹೊತ್ತಿನಲ್ಲಿ ಬೀದಿಯಲ್ಲಿ ಧ್ವನಿವರ್ಧಕ ಕಿರುಚಿದರೆ 112ಕ್ಕೆ ದೂರು ಕೊಡುವುದು ನಿಮ್ಮ ಹಕ್ಕು.

ಎಲ್ಲಿಗೆ ಹೋಗಬೇಕು?

• ದಿನವೂ ಗೊರಕೆ, ಉಸಿರು ನಿಂತು ಬರುವುದು, ತಿಂಗಳು ಕಳೆದರೂ ನಿದ್ದೆ ಹತ್ತದಿರುವುದು, ಹಗಲೆಲ್ಲ ತೂಕಡಿಕೆ, ನಿದ್ದೆಯಲ್ಲಿ ಮೈ ಸೆಟೆದು ಕೈಕಾಲು ಅದುರುವುದು. ಇವುಗಳಲ್ಲಿ ಒಂದಿದ್ದರೂ ಮೊದಲು ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ. ಬನಶಂಕರಿಯಿಂದ ಹತ್ತಿರದಲ್ಲೇ ಜಯನಗರ ಸಾರ್ವಜನಿಕ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ನಿಮ್ಹಾನ್ಸ್ ಇವೆ.

• ನಿದ್ರಾ ಪರೀಕ್ಷೆ ಎಂದರೆ ಹೆದರಬೇಕಿಲ್ಲ. ತಲೆ, ಎದೆ, ಕಾಲಿಗೆ ಅಂಟಿನಿಂದ ವೈರುಗಳನ್ನು ಹಚ್ಚಿ ಒಂದು ರಾತ್ರಿ ಮಲಗಿಸುತ್ತಾರೆ. ಚುಚ್ಚುವುದಿಲ್ಲ, ನೋವಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗಿರಬಹುದು.

• ಆತಂಕ, ಬೇಸರದಿಂದ ನಿದ್ದೆ ಕಳೆದುಕೊಂಡ ಹದಿಹರೆಯದವರು 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ.

• ಕೊನೆಯದಾಗಿ, ಯಾವ ಔಷಧಿಯೂ ಬೇಡದ ಒಂದು ಕೆಲಸ. ಒಂದು ವಾರ ಮಗು ಮಲಗಿದ ಮತ್ತು ಎದ್ದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೇಲೆ ಕೊಟ್ಟ ಗಂಟೆಗಳಿಗೆ ಹೋಲಿಸಿ. ಎಷ್ಟು ಕೊರತೆ ಇದೆಯೋ ಅಷ್ಟನ್ನು ಮನೆಯ ವೇಳಾಪಟ್ಟಿಯಿಂದ ಕಡಿಯಿರಿ: ಒಂದು ಟ್ಯೂಷನ್, ಒಂದು ಸೀರಿಯಲ್, ತಡವಾದ ಊಟ. ಉಳಿದ ಕೊರತೆಯನ್ನು ಅದೇ ಹಾಳೆಯೊಂದಿಗೆ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಇಟ್ಟು, ಮೊದಲ ಗಂಟೆ ಹೊಡೆಯುವ ಸಮಯವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಲು ಕೇಳಿ. ಒಬ್ಬರು ಕೇಳಿದರೆ ದೂರು ಎನ್ನುತ್ತಾರೆ. ತರಗತಿಯ ನಲವತ್ತು ಮನೆಯವರೂ ಕೇಳಿದರೆ ಶಾಲೆ ಉತ್ತರ ಕೊಡಲೇಬೇಕಾಗುತ್ತದೆ.